ಅಮೆರಿಕದ ಲಾರಿ ಚಾಲಕರು ಮತ್ತು ಕೆಲಸದ ಆಯ್ಕೆ: 1935ರಿಂದೀಚಿನ ಸಾಗಣೆಯ ಇತಿಹಾಸದ ಒಂದು ಮುಖ

ಕಾರ್ಮಿಕ ವರ್ಗದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಕೂಲಿಯ ಪ್ರಮಾಣ, ದುಡಿಮೆಯ ಅವಧಿ, ಸಂಘಗಳ ಸ್ಥಾಪನೆ, ಮುಷ್ಕರಗಳ ಜಯಾಪಜಯಗಳನ್ನು ವಿವರಿಸಿ ತೃಪ್ತರಾಗುತ್ತಾರೆ. ಒಂದೇ ವೃತ್ತಿಯೊಳಗೆ ಹಲವು ಬಗೆಯ ಕೆಲಸಗಳಿರುವಾಗ ಕಾರ್ಮಿಕನು ಯಾವುದನ್ನು ಬಯಸಿದನು, ಯಾವುದನ್ನು ತೊರೆದನು ಎಂಬ ಪ್ರಶ್ನೆ ಬಹುಮಟ್ಟಿಗೆ ಹಿಂದೆ ಉಳಿಯುತ್ತದೆ. ಬಯಕೆಯು ಮನಸ್ಸಿಗೆ ಸೇರಿದ್ದು, ಅದಕ್ಕೆ ಶಾಸನವೂ ಇಲ್ಲ ಕಡತವೂ ಇಲ್ಲ ಎಂದು ಇದಕ್ಕೆ ಸಮಾಧಾನ ಹೇಳುವುದುಂಟು. ಅಮೆರಿಕ ಸಂಯುಕ್ತ ಸಂಸ್ಥಾನಗಳ ಲಾರಿ ಚಾಲಕರ ವಿಷಯದಲ್ಲಿ ಈ ಸಮಾಧಾನ ನಿಲ್ಲುವುದಿಲ್ಲ. ಅವರ ಆಯ್ಕೆಗಳು ಸಾಗಣೆ ಸಂಸ್ಥೆಗಳ ನಿಲ್ದಾಣದ ಗೋಡೆಗಳ ಮೇಲೆ ಪಟ್ಟಿಗಳ ರೂಪದಲ್ಲಿ ಬರೆಯಲ್ಪಟ್ಟವು. ಸಂಘದ ಒಪ್ಪಂದಗಳಲ್ಲಿ ನಿಯಮಗಳ ರೂಪ ತಾಳಿದವು. ಕಡೆಗೆ 1977ರಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯದ ಮುಂದೆ ಸಾಕ್ಷ್ಯದ ಪ್ರಶ್ನೆಯಾಗಿಯೇ ನಿಂತವು. ಚಾಲಕನೊಬ್ಬನು ಇಂಥ ಕೆಲಸವನ್ನು ಬಯಸುತ್ತಿದ್ದನೇ ಇಲ್ಲವೇ ಎಂಬುದರ ಮೇಲೆ ಅವನಿಗೆ ಪರಿಹಾರ ಸಿಗುವುದೂ ಸಿಗದಿರುವುದೂ ನಿಂತಿದ್ದ ಆ ಪ್ರಕರಣವೇ ನಮ್ಮನ್ನು ಈ ವಿಷಯದ ಕಡೆಗೆ ಎಳೆಯಿತು.

ಮೊದಲು ಈ ವೃತ್ತಿಯ ಚೌಕಟ್ಟನ್ನು ಸ್ಥೂಲವಾಗಿ ಅರಿಯುವುದು ಅವಶ್ಯಕ. 1935ರ ಆಗಸ್ಟ್ 9ರಂದು ಅಂಗೀಕಾರ ಪಡೆದ ಮೋಟಾರು ಸಾಗಣೆ ಶಾಸನವು, 1887ರಿಂದ ರೈಲ್ವೆಗಳ ಮೇಲೆ ಹಿಡಿತ ಹೊಂದಿದ್ದ ಅಂತರರಾಜ್ಯ ವಾಣಿಜ್ಯ ಆಯೋಗದ ಕೈಗೆ ಲಾರಿಗಳನ್ನೂ ಒಪ್ಪಿಸಿತು. ಎಲ್ಲರ ಸರಕನ್ನೂ ಹೊರುವ ಸಾರ್ವತ್ರಿಕ ಸಾಗಣೆದಾರರು ಆಯೋಗದಿಂದ ಅರ್ಹತಾಪತ್ರವನ್ನೂ, ಗೊತ್ತಾದ ಗಿರಾಕಿಗಳೊಡನೆ ಕರಾರು ಮಾಡಿಕೊಂಡು ಹೊರುವವರು ಪರವಾನಗಿಯನ್ನೂ ಪಡೆಯಬೇಕಾಯಿತು. ಯಾವ ದಾರಿಯಲ್ಲಿ ಯಾವ ಸರಕನ್ನು ಯಾವ ದರಕ್ಕೆ ಸಾಗಿಸಬೇಕೆಂಬುದೆಲ್ಲವೂ ಆಯೋಗದ ಕಡತವನ್ನು ಹೊಕ್ಕಿತು. ಆದರೆ ರೈತರ ಹಿತದೃಷ್ಟಿಯಿಂದ ಒಂದು ಬಾಗಿಲನ್ನು ಮಾತ್ರ ತೆರೆದಿಡಲಾಯಿತು: ಜಾನುವಾರು, ಮೀನು, ಕೃಷಿ ಉತ್ಪನ್ನ ಇವುಗಳನ್ನು ಹೊರುವ ಲಾರಿಗೆ ಅರ್ಹತಾಪತ್ರ ಬೇಕಿರಲಿಲ್ಲ. ಹೀಗೆ ಒಂದೇ ಹೆದ್ದಾರಿಯ ಮೇಲೆ, ಒಂದೇ ಬಗೆಯ ಗಾಡಿಯನ್ನು ನಡೆಸುತ್ತ, ಪರಸ್ಪರ ಸಂಬಂಧವೇ ಇಲ್ಲದ ಎರಡು ಆರ್ಥಿಕ ಲೋಕಗಳಲ್ಲಿ ಬಾಳುವ ಚಾಲಕರು ಉಂಟಾದರು. ತಮ್ಮ ಸ್ವಂತ ಸರಕನ್ನು ತಮ್ಮದೇ ಲಾರಿಗಳಲ್ಲಿ ಸಾಗಿಸುವ ಕಾರ್ಖಾನೆ ಮತ್ತು ಅಂಗಡಿಗಳದು ಮೂರನೆಯ ಲೋಕ. ಅದರ ಚರಿತ್ರೆ ಬೇರೆಯೇ ಆದುದರಿಂದ ನಾವು ಅದನ್ನು ಇಲ್ಲಿ ಕೈಗೆತ್ತಿಕೊಂಡಿಲ್ಲ.

1938ರ ನ್ಯಾಯೋಚಿತ ಕಾರ್ಮಿಕ ಮಾನದಂಡ ಶಾಸನವು ವಾರಕ್ಕೆ ಇಷ್ಟು ಗಂಟೆಯಾದ ಮೇಲೆ ಒಂದೂವರೆ ಪಟ್ಟು ಕೂಲಿ ಕೊಡಬೇಕೆಂದು ವಿಧಿಸಿತಷ್ಟೆ. ಅಂತರರಾಜ್ಯ ಲಾರಿ ಚಾಲಕರನ್ನು ಈ ಸೌಲಭ್ಯದಿಂದ ಹೊರಗಿಡಲಾಯಿತು. ಅವರ ದುಡಿಮೆಯ ಅವಧಿಯನ್ನು ಆಯೋಗವೇ ಗೊತ್ತುಪಡಿಸುವುದರಿಂದ ಬೇರೆ ರಕ್ಷಣೆ ಬೇಡವೆಂಬುದು ಇದರ ತರ್ಕ. ಆಯೋಗವು ಗೊತ್ತುಪಡಿಸಿದ್ದಾದರೂ ರಸ್ತೆಯ ಸುರಕ್ಷತೆಯ ದೃಷ್ಟಿಯಿಂದ: 10 ಗಂಟೆಗಳ ಚಾಲನೆ, ವಾರಕ್ಕೆ 60 ಗಂಟೆಗಳ ಕೆಲಸ. ಎಷ್ಟು ಹೊತ್ತು ನಡೆಸಬಾರದೆಂದು ಅದು ಹೇಳಿತೇ ಹೊರತು, ನಡೆಸದೆ ಕಾಯುವ ಹೊತ್ತಿಗೆ ಕೂಲಿ ಕೊಡಬೇಕೆಂದು ಹೇಳಲಿಲ್ಲ. ಈ ಸಣ್ಣ ಅಂತರವು ಮುಂದೆ ಚಾಲಕರ ಆಯ್ಕೆಗಳ ಮೇಲೆ ಎಷ್ಟು ಪ್ರಭಾವ ಬೀರಿತೆಂಬುದು ಈ ಲೇಖನದುದ್ದಕ್ಕೂ ಕಂಡುಬರುತ್ತದೆ.

ನಿಯಂತ್ರಿತ ಲೋಕದೊಳಗಿನ ಮುಖ್ಯ ವಿಭಾಗ ಊರೊಳಗಿನ ಚಾಲಕರದು ಮತ್ತು ದೂರದ ದಾರಿಯ ಚಾಲಕರದು. ಊರ ಚಾಲಕನು ಬೆಳಗ್ಗೆ ನಿಲ್ದಾಣದಿಂದ ಹೊರಟು ಅಂಗಡಿ ಕಾರ್ಖಾನೆಗಳಿಗೆ ಸಣ್ಣಸಣ್ಣ ಗಂಟುಗಳನ್ನು ತಲುಪಿಸಿ, ಹೊಸವನ್ನು ಎತ್ತಿಕೊಂಡು ಸಂಜೆ ಹಿಂದಿರುಗುತ್ತಾನೆ. ಅವನಿಗೆ ಗಂಟೆಯ ಲೆಕ್ಕದ ಕೂಲಿ. ಹೀಗೆ ಕೂಡಿದ ಸರಕನ್ನು ರಾತ್ರಿ ಇನ್ನೊಂದು ಊರಿನ ನಿಲ್ದಾಣಕ್ಕೆ ಒಯ್ಯುವವನು ದೂರದ ಚಾಲಕ. ಅವನಿಗೆ ಮೈಲಿಯ ಲೆಕ್ಕದ ಕೂಲಿ. ಮೊದಲನೆಯವನು ದಿನಕ್ಕೆ ಹತ್ತಾರು ಬಾರಿ ಗಾಡಿಯಿಂದಿಳಿದು ಹೊರೆ ಎತ್ತಬೇಕು, ನಗರದ ಇಕ್ಕಟ್ಟಿನಲ್ಲಿ ಗಾಡಿಯನ್ನು ಹಿಮ್ಮೆಟ್ಟಿಸಬೇಕು, ಗಿರಾಕಿಗಳೊಡನೆ ಮಾತಿಗೆ ನಿಲ್ಲಬೇಕು. ಎರಡನೆಯವನಿಗೆ ಸರಕನ್ನು ಮುಟ್ಟುವ ಪ್ರಸಂಗವೇ ಅಪರೂಪ. ಆದರೆ ಅವನ ಹಗಲು ನಿದ್ರೆಗೆ, ಇರುಳು ರಸ್ತೆಗೆ ಮೀಸಲು. ಯಾವುದು ಮೇಲು? ಈ ಪ್ರಶ್ನೆಗೆ ಒಂದೇ ಉತ್ತರವಿಲ್ಲವೆಂಬುದು ಸುಲಭವಾಗಿ ಹೊಳೆಯುತ್ತದೆ. ಹಾಗೆ ಹೊಳೆಯುವುದೇ ಒಂದು ಕಾಲದಲ್ಲಿ ಬಲಹೀನರ ವಿರುದ್ಧದ ವಾದವಾಯಿತು ಎಂಬುದು ಮುಂದೆ ವ್ಯಕ್ತವಾಗುತ್ತದೆ.

ದೂರದ ಚಾಲಕರು ಸಂಘಕ್ಕೆ ಬಂದ ಬಗೆಯೂ ಈ ವಿಭಾಗದಿಂದಲೇ ತಿಳಿಯತಕ್ಕದ್ದು. 1934ರಲ್ಲಿ ಮಿನಿಯಾಪೊಲಿಸ್ ನಗರದ ಲಾರಿ ಕಾರ್ಮಿಕರು ನಡೆಸಿದ ಮುಷ್ಕರ ಪ್ರಸಿದ್ಧವಾದುದು. ಜುಲೈ 20ರಂದು ಪೊಲೀಸರು ಹಾರಿಸಿದ ಗುಂಡಿಗೆ ಇಬ್ಬರು ಮುಷ್ಕರಗಾರರು ಬಲಿಯಾದರು. ಆ ಹೋರಾಟದಿಂದ ಮೇಲೆ ಬಂದ ಫಾರೆಲ್ ಡಾಬ್ಸ್ ಎಂಬ ಮುಖಂಡರು ಒಂದು ಸರಳವಾದ ಸಂಗತಿಯನ್ನು ಗ್ರಹಿಸಿದರು. ರಸ್ತೆಯಲ್ಲಿ ಚೆದರಿಹೋಗಿರುವ ಚಾಲಕರನ್ನು ಒಟ್ಟುಗೂಡಿಸುವುದು ಕಷ್ಟ. ಆದರೆ ಪ್ರತಿಯೊಬ್ಬನೂ ಕಡೆಗೆ ಒಂದು ನಗರದ ನಿಲ್ದಾಣಕ್ಕೆ ಬರಲೇಬೇಕು. ಅಲ್ಲಿನ ಸಂಘಟಿತ ಕೆಲಸಗಾರರು ಸಂಘದಲ್ಲಿಲ್ಲದವನ ಸರಕನ್ನು ಇಳಿಸಲು ನಿರಾಕರಿಸಿದರೆ ಸಾಕು. ಈ ಉಪಾಯದಿಂದ 1938ರಲ್ಲಿ ಮಧ್ಯಭಾಗದ 11 ರಾಜ್ಯಗಳಿಗೆ ಅನ್ವಯಿಸುವ ಒಪ್ಪಂದ ಸಾಧ್ಯವಾಯಿತು. ಆ ವಿದ್ಯೆಯನ್ನು ಡಾಬ್ಸರಿಂದ ಕಲಿತ ಜಿಮ್ಮಿ ಹೋಫಾ 1964ರ ಜನವರಿಯಲ್ಲಿ ನಾಲ್ಕು ಲಕ್ಷಕ್ಕೂ ಮಿಗಿಲಾದ ಕಾರ್ಮಿಕರಿಗೆ ಅನ್ವಯಿಸುವ ರಾಷ್ಟ್ರೀಯ ಒಪ್ಪಂದವನ್ನು ಸಾಧಿಸಿದರು. ಹೋಫಾರ ಉಳಿದ ಚರಿತ್ರೆ ಲೋಕಪ್ರಸಿದ್ಧವಾದುದರಿಂದ ಅದನ್ನು ಬಿಡೋಣ.

ಈ ಒಪ್ಪಂದಗಳು ಸ್ಥಿರಪಡಿಸಿದ ಜ್ಯೇಷ್ಠತೆಯ ಪದ್ಧತಿಯೇ ನಮಗೆ ಮುಖ್ಯ. ನಿಲ್ದಾಣದಲ್ಲಿ ಗೊತ್ತಾದ ಕಾಲಕ್ಕೊಮ್ಮೆ ಎಲ್ಲ ಓಟಗಳ ಪಟ್ಟಿಯನ್ನು ತೂಗುಹಾಕುತ್ತಿದ್ದರು. ಯಾವ ಊರಿಗೆ, ಎಷ್ಟು ಮೈಲಿ, ಎಷ್ಟು ಹೊತ್ತಿಗೆ ಹೊರಡಬೇಕು ಎಂಬ ವಿವರವೆಲ್ಲ ಅದರಲ್ಲಿರುತ್ತಿತ್ತು. ಎಲ್ಲರಿಗಿಂತ ಹೆಚ್ಚು ವರ್ಷ ದುಡಿದವನು ಮೊದಲು ತನ್ನ ಹೆಸರನ್ನು ಬರೆಯುವನು. ಅವನ ನಂತರ ಎರಡನೆಯವನು. ಹೀಗೆ ಕೆಳಗಿಳಿಯುತ್ತ ಹೋಗಿ, ಉಳಿದುದು ಕಿರಿಯನ ಪಾಲು. ಏನೂ ಉಳಿಯದವರು ಹೆಚ್ಚುವರಿ ಪಟ್ಟಿಗೆ ಸೇರಿ, ದೂರವಾಣಿಯ ಕರೆ ಬಂದಾಗ ಹಗಲಿರುಳೆನ್ನದೆ ಹೊರಡಬೇಕು. ಇಂಥ ಒಂದು ಪಟ್ಟಿಯನ್ನು ಓದುವುದೆಂದರೆ ಚಾಲಕರ ಮನಸ್ಸನ್ನೇ ಓದಿದಂತೆ. ಬೇಗ ಹೋಗುತ್ತಿದ್ದುದು ಅತಿ ಹೆಚ್ಚು ಮೈಲಿಯ ಓಟ ಮಾತ್ರವೇ ಅಲ್ಲ. ಹೋಗಿ ಅದೇ ರಾತ್ರಿ ಹಿಂತಿರುಗುವ, ಹೊರಡುವ ವೇಳೆ ಬದಲಾಗದ ಓಟವೂ ಬೇಗ ಹೋಗುತ್ತಿತ್ತು. ಪರಊರಿನ ವಿಶ್ರಾಂತಿಗೃಹದಲ್ಲಿ ಮಲಗಿ ಮರಳಿ ಬರುವ ಸರದಿಗೆ ಕಾಯಬೇಕಾದ ಓಟ ಕಿರಿಯರಿಗೆ ಉಳಿಯುತ್ತಿತ್ತು. ಹಣವನ್ನು ಮಾತ್ರ ನೋಡುವ ಅರ್ಥಶಾಸ್ತ್ರಜ್ಞನಿಗೆ ಇದು ಒಗಟಾಗಬಹುದು. ಮನೆಯಲ್ಲಿ ಮಕ್ಕಳಿರುವವನಿಗೆ ಒಗಟಾಗಲಾರದು. ಇನ್ನೊಂದು ಸಂಗತಿ: ಸಂಘದ ಒಪ್ಪಂದದಂತೆ ದಾರಿಯಲ್ಲಿ ಗಾಡಿ ಕೆಟ್ಟರೂ, ನಿಲ್ದಾಣದಲ್ಲಿ ತಡೆದು ನಿಲ್ಲಿಸಿದರೂ ಆ ಹೊತ್ತಿಗೆ ಗಂಟೆಯ ಕೂಲಿ ಸಲ್ಲುತ್ತಿತ್ತು. ಶಾಸನವು ಬಿಟ್ಟಿದ್ದ ಅಂತರವನ್ನು ಒಪ್ಪಂದವು ಮುಚ್ಚಿತ್ತು.

ಆದರೆ ಈ ಪಟ್ಟಿಯಲ್ಲಿ ಹೆಸರು ಬರೆಯುವ ಹಕ್ಕು ಯಾರಿಗಿತ್ತು? ಇದಕ್ಕೆ ಉತ್ತರ ಟೀಮ್‌ಸ್ಟರ್ಸ್ ಸಂಘ ಮತ್ತು ಅಮೆರಿಕ ಸರ್ಕಾರ ಇವರ ನಡುವಣ ಪ್ರಕರಣದಲ್ಲಿದೆ. ಟಿ.ಐ.ಎಂ.ಇ.-ಡಿ.ಸಿ. ಎಂಬ ರಾಷ್ಟ್ರವ್ಯಾಪಿ ಸಾಗಣೆ ಸಂಸ್ಥೆಯ ಮೇಲೂ ಅದರ ಕಾರ್ಮಿಕರ ಸಂಘದ ಮೇಲೂ ಸರ್ಕಾರ ದಾವೆ ಹೂಡಿತ್ತು. 1971ರ ಮಾರ್ಚ್ 31ರಂದು ಈ ಸಂಸ್ಥೆಯಲ್ಲಿ 6,472 ನೌಕರರಿದ್ದರು. ಅವರಲ್ಲಿ ಕಪ್ಪು ವರ್ಣೀಯರು 314, ಸ್ಪ್ಯಾನಿಷ್ ಮನೆತನದ ಹೆಸರುಳ್ಳವರು 257. ದೂರದ ದಾರಿಯ ಚಾಲಕರ ಸಂಖ್ಯೆ 1,828. ಅವರಲ್ಲಿ ಕಪ್ಪು ವರ್ಣೀಯರು 8, ಸ್ಪ್ಯಾನಿಷ್ ಹೆಸರಿನವರು 5. ಆ ಎಂಟು ಜನರಾದರೂ ದಾವೆ ಆರಂಭವಾದ ಮೇಲೆ ನೇಮಕಗೊಂಡವರು! ಉಳಿದವರಲ್ಲಿ ಬಹುಪಾಲು ಜನ ಊರೊಳಗಿನ ಚಾಲನೆಯಲ್ಲಿಯೋ, ಗಾಡಿಗಳನ್ನು ತೊಳೆದು ದುರಸ್ತಿಮಾಡುವ ಕೆಲಸದಲ್ಲಿಯೋ ಇದ್ದರು. ಊರ ಚಾಲಕನು ದೂರದ ವಿಭಾಗಕ್ಕೆ ವರ್ಗವಾಗಬಯಸಿದರೆ ಅಲ್ಲಿಯವರೆಗೆ ಗಳಿಸಿದ ಜ್ಯೇಷ್ಠತೆಯನ್ನೆಲ್ಲ ಕಳೆದುಕೊಂಡು ಹೊಸ ಪಟ್ಟಿಯ ತಳದಲ್ಲಿ ನಿಲ್ಲಬೇಕಾಗಿತ್ತು. ಹದಿನೈದು ವರ್ಷ ದುಡಿದವನೂ ನಿನ್ನೆ ಬಂದವನ ಹಿಂದೆ.

1977ರ ಮೇ 31ರಂದು ಹೊರಬಿದ್ದ ತೀರ್ಪಿನಲ್ಲಿ ನ್ಯಾಯಮೂರ್ತಿ ಸ್ಟೂವರ್ಟರು ಸಂಸ್ಥೆಯು ವ್ಯವಸ್ಥಿತವಾಗಿ ಪಕ್ಷಪಾತ ನಡೆಸಿತೆಂಬುದನ್ನು ಒಪ್ಪಿದರು. ಅರ್ಜಿ ಹಾಕಿಯೂ ತಿರಸ್ಕೃತರಾದವರಿಗೆ ಪರಿಹಾರದ ದಾರಿ ಸುಗಮವಾಯಿತು. ಆದರೆ ಅರ್ಜಿಯನ್ನೇ ಹಾಕದವರ ಗತಿಯೇನು? ಹಾಕಿದರೂ ಫಲವಿಲ್ಲವೆಂದು ತಿಳಿದು ಸುಮ್ಮನಿದ್ದವರೂ ಅನ್ಯಾಯಕ್ಕೆ ಒಳಗಾದವರೇ ಎಂಬುದನ್ನು ನ್ಯಾಯಾಲಯ ಅಂಗೀಕರಿಸಿತು. ಹಾಗಿದ್ದರೂ, ದೂರದ ಚಾಲನೆ ಎಲ್ಲರೂ ಬಯಸುವಷ್ಟು ಸ್ಪಷ್ಟವಾಗಿ ಮೇಲಾದ ಕೆಲಸವಲ್ಲ. ಆದುದರಿಂದ ತಾನು ಅದನ್ನು ನಿಜಕ್ಕೂ ಬಯಸಿದ್ದೆನೆಂದು ಪ್ರತಿಯೊಬ್ಬನೂ ರುಜುವಾತುಪಡಿಸಬೇಕು ಎಂದು ವಿಧಿಸಿತು. ಪೂರ್ವಾನ್ವಯದ ಜ್ಯೇಷ್ಠತೆಯೊಡನೆ ಈಗ ಆ ಕೆಲಸವನ್ನು ಕೊಟ್ಟರೆ ಒಪ್ಪುವೆನೆಂದರೆ ಸಾಲದು. ಪಟ್ಟಿಯ ತಳದಿಂದ ಆರಂಭಿಸಬೇಕಾಗಿದ್ದ ಆ ದಿನಗಳಲ್ಲಿ, ಯಾರೂ ಬೇಡವೆಂದ ಓಟಗಳನ್ನು ಮಾತ್ರ ಪಡೆಯುತ್ತ, ಕೆಲಸವೇ ಹೋಗುವ ಭಯದಲ್ಲಿದ್ದುಕೊಂಡು ಅದನ್ನು ಬಯಸುತ್ತಿದ್ದನೇ ಎಂಬುದು ಪ್ರಶ್ನೆ. ಜ್ಯೇಷ್ಠತೆಯ ಪದ್ಧತಿಯನ್ನಂತೂ ನ್ಯಾಯಾಲಯವು ಊರ್ಜಿತಗೊಳಿಸಿತು. ಈ ಭಾಗಕ್ಕೆ ನ್ಯಾಯಮೂರ್ತಿಗಳಾದ ಮಾರ್ಷಲ್ ಮತ್ತು ಬ್ರೆನನ್ ಭಿನ್ನಮತ ಸೂಚಿಸಿದರು.

ಈ ತೀರ್ಪಿನ ನ್ಯಾಯಾನ್ಯಾಯವನ್ನು ಕಾನೂನು ಪಂಡಿತರು ಚರ್ಚಿಸಿದ್ದಾರೆ. ಇತಿಹಾಸದ ವಿದ್ಯಾರ್ಥಿಗಳಾದ ನಮಗೆ ಇದರಲ್ಲಿ ಕಾಣುವುದು ಸಾಕ್ಷ್ಯದ ಒಂದು ವಿಚಿತ್ರ ಸಮಸ್ಯೆ. ಬಾಗಿಲು ಮುಚ್ಚಿದ್ದ ಕಾಲದಲ್ಲಿ ಒಳಹೋಗುವ ಬಯಕೆ ಇತ್ತೆಂದು ಮನುಷ್ಯನು ಯಾವ ದಾಖಲೆಯಿಂದ ತೋರಿಸಬೇಕು? ನ್ಯಾಯಾಲಯವು ಚಾಲಕರ ಅಭಿರುಚಿಯ ಬಗ್ಗೆ ಹೇಳಿದ ಮಾತು ವಸ್ತುಸ್ಥಿತಿಗೆ ದೂರವಾದುದಲ್ಲ; ಊರ ಕೆಲಸವನ್ನೇ ಮನಸಾರೆ ಮೆಚ್ಚಿದವರು ಎಲ್ಲ ವರ್ಣದಲ್ಲಿಯೂ ಇದ್ದರು. ಆದರೆ ಬಿಳಿಯ ಚಾಲಕನು ಊರ ಕೆಲಸದಲ್ಲಿ ಉಳಿದರೆ ಅದು ಅವನ ಆಯ್ಕೆ. ಅದೇ ಕೆಲಸದಲ್ಲಿ ಉಳಿದ ಕಪ್ಪು ಚಾಲಕನದು ಆಯ್ಕೆಯೋ ನಿರ್ಬಂಧವೋ ಎಂಬುದನ್ನು ಹೊರಗಿನಿಂದ ನೋಡಿ ಹೇಳುವಂತಿರಲಿಲ್ಲ. ಅಂಕಿಸಂಖ್ಯೆಗಳಿಂದ ಕಾರ್ಮಿಕರ ಒಲವನ್ನು ನಿಗಮಿಸುವವರೆಲ್ಲ ಈ ಪ್ರಕರಣವನ್ನು ಒಮ್ಮೆ ಓದಬೇಕೆಂದು ನಾವು ಸೂಚಿಸುತ್ತೇವೆ.

ಇನ್ನು ತೆರೆದ ಬಾಗಿಲಿನ ಲೋಕಕ್ಕೆ ಬರೋಣ. ಕ್ಯಾಲಿಫೋರ್ನಿಯಾದ ಕಣಿವೆಗಳಿಂದ ಸೊಪ್ಪು, ತರಕಾರಿ, ಹಣ್ಣುಗಳನ್ನು ಪೂರ್ವತೀರದ ಮಂಡಿಗಳಿಗೆ ಮುಟ್ಟಿಸುತ್ತಿದ್ದವರು ಬಹುಪಾಲು ತಮ್ಮದೇ ಲಾರಿಯುಳ್ಳ ಸ್ವತಂತ್ರ ಚಾಲಕರು. ಏಕಸ್ವ ಪಡೆದ ಶೀತಲ ಯಂತ್ರವು ಈ ವ್ಯಾಪಾರಕ್ಕೆ ದೊಡ್ಡ ಬಲವನ್ನು ಕೊಟ್ಟಿತು. ಅದನ್ನು ಮಿನಿಯಾಪೊಲಿಸಿನಲ್ಲಿ ನಿರ್ಮಿಸಿದ ಫ್ರೆಡರಿಕ್ ಜೋನ್ಸರು ಕಪ್ಪು ವರ್ಣೀಯರೆಂಬುದನ್ನು ಇಲ್ಲಿ ಸ್ಮರಿಸಬೇಕು. ಯಾವುದು ಕೃಷಿ ಉತ್ಪನ್ನ, ಯಾವುದು ಅಲ್ಲ ಎಂಬ ವ್ಯಾಜ್ಯ ಮಾತ್ರ ದಶಕಗಳವರೆಗೆ ನಡೆಯಿತು. ಗರಿ ಕಿತ್ತು ಸ್ವಚ್ಛಮಾಡಿದ ಕೋಳಿ ಕೋಳಿಯೇ ಅಥವಾ ಕಾರ್ಖಾನೆಯ ವಸ್ತುವೇ? ಕೋಳಿಯೇ ಎಂದು 1956ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿತು. ಎರಡು ವರ್ಷಗಳ ನಂತರ ಬಂದ ಶಾಸನವು ಹಿಮಗಟ್ಟಿಸಿದ ಹಣ್ಣು ತರಕಾರಿಗಳನ್ನು ಮತ್ತೆ ಆಯೋಗದ ಹಿಡಿತಕ್ಕೆ ಒಪ್ಪಿಸಿತು. ವಾಷಿಂಗ್ಟನ್ನಿನಲ್ಲಿ ಒಂದು ಪದದ ಅರ್ಥ ಬದಲಾದರೆ ಸಾವಿರಾರು ಮೈಲಿಯಾಚೆ ಚಾಲಕನೊಬ್ಬನ ಕೆಲಸವೇ ಬದಲಾಗುತ್ತಿತ್ತು.

ತರಕಾರಿ ಹೇರನ್ನು ಒಯ್ದವನಿಗೆ ಹಿಂತಿರುಗುವಾಗ ಏನು? ಕಾರ್ಖಾನೆಯ ಸರಕನ್ನು ಮುಟ್ಟುವ ಅಧಿಕಾರ ಅವನಿಗಿರಲಿಲ್ಲ. ಖಾಲಿ ಗಾಡಿಯಲ್ಲಿ ಹಿಂತಿರುಗಬೇಕು, ಇಲ್ಲವೇ ಅರ್ಹತಾಪತ್ರವುಳ್ಳ ಸಂಸ್ಥೆಯೊಂದಕ್ಕೆ ತನ್ನ ಲಾರಿಯನ್ನೂ ತನ್ನನ್ನೂ ಆ ಒಂದು ಓಟಕ್ಕೆ ಗುತ್ತಿಗೆ ಕೊಡಬೇಕು. ಇಂಥ ಗುತ್ತಿಗೆ 30 ದಿನಗಳಿಗೆ ಕಡಿಮೆ ಇರಕೂಡದೆಂದು ಆಯೋಗವು ನಿಯಮ ಮಾಡಹೊರಟಾಗ, ಕೃಷಿ ಸರಕಿನ ಲಾರಿಗಳಿಗೆ ಅದರಿಂದ 1956ರಲ್ಲಿ ಕಾಂಗ್ರೆಸ್ ವಿನಾಯಿತಿ ನೀಡಿತು. ಮಂಡಿಯಲ್ಲಿ ಹಮಾಲರ ಕಾಟ ಬೇರೆ: ಸರಕನ್ನು ತಾನೇ ಇಳಿಸಬಲ್ಲ ಚಾಲಕನೂ ಅವರಿಗೆ ಹಣ ಕೊಡದೆ ಗಾಡಿಯ ಬಾಗಿಲು ತೆರೆಯುವಂತಿರಲಿಲ್ಲ. ಈ ಬಲಾತ್ಕಾರವನ್ನು ನಿಷೇಧಿಸುವ ವಿಧಿ ಬಂದದ್ದು 1980ರ ಶಾಸನದಲ್ಲಿ. ಬೆಜ್ಜರೈಡಿಸ್ ಎಂಬ ಕಾದಂಬರಿಕಾರರು 1938ರಲ್ಲಿಯೂ 1949ರಲ್ಲಿಯೂ ಈ ಹಣ್ಣು ತರಕಾರಿ ಸಾಗಣೆಯ ಜಗತ್ತನ್ನು ಚಿತ್ರಿಸಿದರು. ಎರಡೂ ಕೃತಿಗಳು ಚಲನಚಿತ್ರಗಳಾದವು. ನಿಲ್ದಾಣದ ಪಟ್ಟಿಯಲ್ಲಿ ಹೆಸರು ಬರೆದ ಚಾಲಕನ ಮೇಲೆ ಯಾರೂ ಚಲನಚಿತ್ರ ಮಾಡಲಿಲ್ಲ.

ಇಷ್ಟೆಲ್ಲ ಕಷ್ಟವಿದ್ದರೂ ಈ ಕೆಲಸವನ್ನು ಬಯಸಿದವರು ಏಕೆ ಬಯಸಿದರು? ಕೆಲವರಿಗೆ ಬೇರೆ ದಾರಿಯಿರಲಿಲ್ಲ. ಸಂಘದ ನಿಲ್ದಾಣಗಳಲ್ಲಿ ಜಾಗ ಸಿಗುವುದು ಸುಲಭವಲ್ಲ. ಅನೇಕರು ಹೊಲಮನೆಗಳನ್ನು ಬಿಟ್ಟು ಬಂದ ರೈತರ ಮಕ್ಕಳೆಂದೂ, ಮೇಲ್ವಿಚಾರಕನ ಕಣ್ಣಿಗೆ ಬೀಳದ ದುಡಿಮೆಯಲ್ಲಿ ಅವರು ಒಕ್ಕಲುತನದ ಸ್ವಾತಂತ್ರ್ಯವನ್ನು ಹುಡುಕಿದರೆಂದೂ ಷೇನ್ ಹ್ಯಾಮಿಲ್ಟನ್ ಎಂಬ ಇತಿಹಾಸಕಾರರು 2008ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಪ್ರತಿಪಾದಿಸಿದ್ದಾರೆ. ಇದನ್ನು ನಾವು ಬಹುಮಟ್ಟಿಗೆ ಒಪ್ಪುತ್ತೇವೆ. ಆದರೆ ಲಾರಿಯ ಸಾಲದ ಕಂತು ತಿಂಗಳು ತಿಂಗಳು ಬರುತ್ತಿರುವಾಗ ಆ ಸ್ವಾತಂತ್ರ್ಯ ಎಷ್ಟು ದೂರ ನಡೆಯಬಲ್ಲದೆಂಬ ಪ್ರಶ್ನೆ ಉಳಿದೇ ಇರುತ್ತದೆ. ಆ ಪ್ರಶ್ನೆಯನ್ನು ಎತ್ತಿದವರಲ್ಲಿ ಮೈಕೇಲ್ ಅಗಾರ್ ಎಂಬ ಮಾನವಶಾಸ್ತ್ರಜ್ಞರು ಮುಖ್ಯರು. ಸ್ವತಂತ್ರ ಚಾಲಕನು ದಲ್ಲಾಳಿ, ಸಂಸ್ಥೆ, ಸರ್ಕಾರ ಇವರೆಲ್ಲರ ಮೇಲೆ ಎಷ್ಟು ಅವಲಂಬಿತನೆಂಬುದನ್ನು 1986ರ ತಮ್ಮ ಗ್ರಂಥದಲ್ಲಿ ಅವರು ತೋರಿಸಿದರು. ಅಗಾರರು 1960ರ ದಶಕದಲ್ಲಿ ವಿದ್ಯಾರ್ಥಿಯಾಗಿದ್ದಾಗ ಕರ್ನಾಟಕಕ್ಕೆ ಬಂದು ಲಂಬಾಣಿ ತಾಂಡಾವೊಂದರಲ್ಲಿ ಕ್ಷೇತ್ರಕಾರ್ಯ ನಡೆಸಿದವರೆಂಬುದು ನಮ್ಮ ಓದುಗರಿಗೆ ಸ್ವಾರಸ್ಯಕರವಾಗಿ ತೋರಬಹುದು. ಹೇರೆತ್ತುಗಳ ಮೇಲೆ ಉಪ್ಪು ದವಸಗಳನ್ನು ಹೇರಿಕೊಂಡು ದಖ್ಖನಿನುದ್ದಕ್ಕೂ ಸಂಚರಿಸುತ್ತಿದ್ದ, ಟಿಪ್ಪುವಿನ ಮೇಲೆ ದಂಡೆತ್ತಿ ಬಂದ ಕಾರ್ನ್‌ವಾಲಿಸನ ಸೈನ್ಯಕ್ಕೂ ಧಾನ್ಯ ಒದಗಿಸಿದ ಜನಾಂಗ ಅದು. ಈ ಎರಡರ ನಡುವೆ ಸಾದೃಶ್ಯವನ್ನು ಎಳೆಯುವ ಆಸೆಯನ್ನು ನಾವು ಹತ್ತಿಕ್ಕಿಕೊಳ್ಳುತ್ತೇವೆ. ಅದಕ್ಕೆ ಬೇರೆಯೇ ಅಧ್ಯಯನ ಬೇಕು.

ಕಾಯುವಿಕೆಯ ಪ್ರಶ್ನೆ ಅತ್ಯಂತ ಸ್ಫುಟವಾಗಿ ಕಾಣಿಸಿಕೊಂಡದ್ದು ಉಕ್ಕಿನ ಸಾಗಣೆಯಲ್ಲಿ. ತೆರೆದ ಗಾಡಿಯ ಮೇಲೆ ಉಕ್ಕಿನ ಸುರುಳಿಗಳನ್ನು ಸರಪಳಿಯಿಂದ ಬಿಗಿದು, ತಾಡಪಾಲು ಹೊದಿಸಿ ಒಯ್ಯುವ ಈ ಕೆಲಸಕ್ಕೆ ಮೈಬಲವೂ ಬೇಕು, ಕೌಶಲವೂ ಬೇಕು. ಸರಪಳಿ ಸಡಿಲಾದರೆ ಸುರುಳಿ ಚಾಲಕನ ಬೆನ್ನ ಮೇಲೆಯೇ ಬರುತ್ತದೆ. ಅಂಥ ಅಪಾಯವನ್ನು ಒಪ್ಪಿಕೊಂಡಿದ್ದ ಜನರೇ 1967ರಲ್ಲಿ ಇಂಡಿಯಾನಾ ರಾಜ್ಯದ ಗ್ಯಾರಿ ನಗರದಲ್ಲಿ ದಂಗೆಯೆದ್ದರು. ಅವರ ಮುಖ್ಯ ದೂರುಗಳಲ್ಲೊಂದು, ಉಕ್ಕಿನ ಕಾರ್ಖಾನೆಯ ಬಾಗಿಲಲ್ಲಿ ಸರದಿಗಾಗಿ ಗಂಟೆಗಟ್ಟಲೆ ಬಿಟ್ಟಿ ಕಾಯಬೇಕಾಗಿದ್ದುದು. ಅವರಿಗೆ ಸಲ್ಲುತ್ತಿದ್ದುದು ಬಾಡಿಗೆಯಲ್ಲಿ ಒಂದು ಪಾಲು. ಗಾಡಿ ಓಡದಿದ್ದರೆ ಪಾಲೂ ಇಲ್ಲ. ಈ ಚಾಲಕರು ಟೀಮ್‌ಸ್ಟರ್ಸ್ ಸಂಘದ ಸದಸ್ಯರಾಗಿದ್ದುಕೊಂಡೇ ಆ ಸಂಘದ ವಿರುದ್ಧವೂ ತಿರುಗಿ ನಿಂತು, ಉಕ್ಕು ಸಾಗಣೆದಾರರ ಪ್ರತ್ಯೇಕ ಸಹೋದರ ಸಂಘವನ್ನು ಕಟ್ಟಿಕೊಂಡರು. ನಿಲ್ದಾಣದ ಚಾಲಕನಿಗೆ ಕಾಯುವ ಹೊತ್ತಿಗೂ ಕೂಲಿ ಗಳಿಸಿಕೊಟ್ಟಿದ್ದ ಸಂಘ ತಮ್ಮ ವಿಷಯದಲ್ಲಿ ಸುಮ್ಮನಿದ್ದಿತೆಂಬುದೇ ಅವರ ಕೋಪಕ್ಕೆ ಕಾರಣವಾಗಿತ್ತು.

ಹಾಗಾದರೆ ಎಲ್ಲವೂ ಹಣಕ್ಕೂ ಹೊತ್ತಿಗೂ ಇಳಿಯುತ್ತದೆಯೇ? ಲಾರೆನ್ಸ್ ವಲೆಟ್ ಎಂಬ ಸಮಾಜಶಾಸ್ತ್ರಜ್ಞರ 1994ರ ಗ್ರಂಥ ಹಾಗಲ್ಲವೆಂದು ತೋರಿಸುತ್ತದೆ. ತಾವೇ ಅನೇಕ ವರ್ಷ ಲಾರಿ ನಡೆಸಿದ್ದ ಇವರು ಕ್ಯಾಲಿಫೋರ್ನಿಯಾದ ಮೂರು ಸಂಸ್ಥೆಗಳನ್ನು ಹೋಲಿಸಿ ನೋಡಿದರು: ಒಂದು ಕೃಷಿ ಸರಕಿನದು, ಒಂದು ಮರಳಿನದು, ಮತ್ತೊಂದು ಪೆಟ್ರೋಲಿನದು. ಕೊಟ್ಟ ಕೂಲಿಗೆ ಬೇಕಾದುದಕ್ಕಿಂತ ಹೆಚ್ಚು ಶ್ರಮವನ್ನು ಚಾಲಕರು ಏಕೆ ಪಡುತ್ತಾರೆಂಬುದು ಅವರ ಪ್ರಶ್ನೆ. ಹೊಳೆಯುವ ದೊಡ್ಡ ಗಾಡಿ, ಕಡಿದಾದ ಘಾಟಿಯನ್ನು ಇಳಿಸುವ ನೈಪುಣ್ಯ, ಸಹೋದ್ಯೋಗಿಗಳ ಕಣ್ಣಿನಲ್ಲಿ ಗಟ್ಟಿ ಚಾಲಕನೆಂಬ ಹೆಸರು ಇವೆಲ್ಲ ಕೂಲಿಯಷ್ಟೇ ನಿಜವಾದ ಪ್ರತಿಫಲವೆಂದು ಅವರು ಕಂಡುಕೊಂಡರು. ಜಾನುವಾರು ಹೊರುವವನೂ, ಹಾಲಿನ ತೊಟ್ಟಿ ಹೊರುವವನೂ ತಂತಮ್ಮ ಕಸುಬಿನ ಕಷ್ಟವನ್ನೇ ಹೆಮ್ಮೆಯಾಗಿ ಹೇಳಿಕೊಳ್ಳುವುದು ಇದರಿಂದಲೇ. ದನಗಳು ದಾರಿಯಲ್ಲಿ ತೂಕ ಕಳೆದುಕೊಳ್ಳುವುದರಿಂದ ಗಾಡಿ ನಿಲ್ಲುವಂತಿಲ್ಲ; ಒಳಗೆ ಅಡ್ಡತಟ್ಟೆಗಳಿಲ್ಲದ ಹಾಲಿನ ತೊಟ್ಟಿಯಲ್ಲಿ ದ್ರವವು ತುಳುಕಿ ಗಾಡಿಯನ್ನು ಮುಂದಕ್ಕೆ ನೂಕುತ್ತದೆ. ಇವು ಕಲಿತವನಿಗೆ ಮಾತ್ರ ಗೊತ್ತಿರುವ ಸಂಗತಿಗಳು. ಆದರೂ ಈ ಹೆಮ್ಮೆಯನ್ನು ಅತಿಯಾಗಿ ಕೊಂಡಾಡುವ ಬರಹಗಾರರ ಬಗ್ಗೆ ನಮಗೆ ಸ್ವಲ್ಪ ಅನುಮಾನವಿದೆ. ಹೆಮ್ಮೆಯಿಂದ ಹೆಚ್ಚು ಲಾಭ ಪಡೆದವನು ಹಲವೆಡೆ ಗಾಡಿಯ ಮೇಲೆ ಕುಳಿತವನಲ್ಲ.

1973ರ ಅಕ್ಟೋಬರಿನಲ್ಲಿ ಅರಬ್ ರಾಷ್ಟ್ರಗಳು ತೈಲ ನಿರ್ಬಂಧ ಹೇರಿದ ಮೇಲಿನ ಘಟನೆಗಳು ಸುಪರಿಚಿತ. ಡೀಸೆಲ್ ಬೆಲೆ ಏರಿತು. 1974ರ ಆರಂಭದಲ್ಲಿ ವೇಗದ ಮಿತಿಯನ್ನು ಗಂಟೆಗೆ 55 ಮೈಲಿಗೆ ಇಳಿಸಲಾಯಿತು. ಮೈಲಿಯಿಂದ ಬದುಕುವವನಿಗೆ ಇದು ಎರಡು ಕಡೆಯ ಪೆಟ್ಟು. 1973ರ ಡಿಸೆಂಬರಿನಲ್ಲಿ ಹೆದ್ದಾರಿಗಳನ್ನು ತಡೆದು ನಿಲ್ಲಿಸಿದವರೂ, ಮುಂದಿನ ವರ್ಷ ಗಾಡಿಗಳನ್ನು ನಿಲ್ಲಿಸಿ ಕುಳಿತವರೂ ಸ್ವತಂತ್ರ ಚಾಲಕರೇ, ನಿಲ್ದಾಣದ ಚಾಲಕರಲ್ಲ. ಗಾಡಿಯ ಡೀಸೆಲಿಗೆ ಇವರು ಹಣ ಕೊಡಬೇಕಾಗಿರಲಿಲ್ಲವಷ್ಟೆ.

1980ರ ಜುಲೈ 1ರಂದು ಅಧ್ಯಕ್ಷ ಕಾರ್ಟರರ ಸಹಿಯಾದ ಶಾಸನವು ಹಳೆಯ ಕಟ್ಟಳೆಯನ್ನು ಬಹುಮಟ್ಟಿಗೆ ಕಳಚಿತು. ಹೊಸ ಸಂಸ್ಥೆಗಳು ಸುಲಭವಾಗಿ ಪ್ರವೇಶಿಸಿದವು. ಒಂದೇ ಗಿರಾಕಿಯ ಸರಕನ್ನು ಗಾಡಿ ತುಂಬ ಹೇರಿ ನೇರವಾಗಿ ಒಯ್ಯುವ, ನಿಲ್ದಾಣಗಳೇ ಬೇಡದ ಸಾಗಣೆ ಪ್ರತ್ಯೇಕ ಉದ್ಯಮವಾಗಿ ಬೆಳೆಯಿತು. ನಿಲ್ದಾಣವಿಲ್ಲದ ಕಡೆ ಡಾಬ್ಸರ ಉಪಾಯ ನಡೆಯುವುದು ಹೇಗೆ? ಈ ವಿಭಾಗದಲ್ಲಿ ಸಂಘವು ಬೇರೂರಲಿಲ್ಲ. ಇಲ್ಲಿನ ಹೊಸ ಚಾಲಕನು ಎರಡು ಮೂರು ವಾರ ಮನೆ ಕಾಣದೆ, ಯಾವ ಊರಿಗೆ ಮುಂದಿನ ಓಟವೆಂದು ತಿಳಿಯದೆ, ಮೈಲಿಯ ಲೆಕ್ಕದಲ್ಲಿ ದುಡಿಯುತ್ತಾನೆ. ದೊಡ್ಡ ಸಂಸ್ಥೆಗಳಲ್ಲಿ ವರ್ಷಕ್ಕೆ ನೂರು ಚಾಲಕರ ಜಾಗಕ್ಕೆ ನೂರಕ್ಕೂ ಹೆಚ್ಚು ಜನ ಬಂದುಹೋದ ವರ್ಷಗಳು ಹಲವು. ಬಿಡಿ ಸರಕಿನ ನಿಲ್ದಾಣಗಳಲ್ಲಿ ಹೀಗೆ ಬಿಟ್ಟುಹೋಗುವವರ ಪ್ರಮಾಣ ಇದರ ಒಂದು ಸಣ್ಣ ಅಂಶ ಮಾತ್ರ. ಚಾಲಕರ ಕೊರತೆಯಿದೆಯೆಂದು ಮಾಲೀಕರ ಸಂಘ ದಶಕಗಳಿಂದ ದೂರುತ್ತ ಬಂದಿದೆ. ಬರ್ಕ್ಸ್ ಮತ್ತು ಮೊನಾಕೊ ಎಂಬ ಅರ್ಥಶಾಸ್ತ್ರಜ್ಞರು 2019ರಲ್ಲಿ, ಒಟ್ಟಾರೆ ಲಾರಿ ಚಾಲಕರ ಮಾರುಕಟ್ಟೆ ಇತರ ವೃತ್ತಿಗಳ ಮಾರುಕಟ್ಟೆಯಂತೆಯೇ ನಡೆಯುತ್ತದೆ, ವಿಪರೀತ ವಲಸೆ ಇರುವುದು ಈ ಒಂದು ವಿಭಾಗದಲ್ಲಿ ಎಂದು ವಿವರಿಸಿದರು. ಹೆಸರು ಬರೆಯುವ ಪಟ್ಟಿಯಿಲ್ಲದ ಕಡೆ ಚಾಲಕನು ತನ್ನ ಆಯ್ಕೆಯನ್ನು ಕೆಲಸ ಬಿಡುವುದರ ಮೂಲಕವೇ ಬರೆಯುತ್ತಾನೆಂದು ನಾವು ಇದನ್ನು ಓದಿಕೊಳ್ಳುತ್ತೇವೆ.

ಕಾಯುವಿಕೆಯ ಹಳೆಯ ಅಂತರ ಈಗಲೂ ಮುಚ್ಚಿಲ್ಲ. 2004ರಲ್ಲಿ ಜಾರಿಗೆ ಬಂದ ನಿಯಮದಂತೆ ಚಾಲಕನು ಕೆಲಸ ಆರಂಭಿಸಿದ 14 ಗಂಟೆಗಳೊಳಗೆ 11 ಗಂಟೆಗಳ ಚಾಲನೆಯನ್ನು ಮುಗಿಸಬೇಕು. ಗೋದಾಮಿನ ಬಾಗಿಲಲ್ಲಿ ಕಳೆದ ಹೊತ್ತೂ ಆ 14ರಲ್ಲಿಯೇ ಸೇರುತ್ತದೆ. 2011ರಲ್ಲಿ ಸರ್ಕಾರದ ಲೆಕ್ಕಪರಿಶೋಧನಾ ಕಚೇರಿ ವಿಚಾರಿಸಿದ ಚಾಲಕರಲ್ಲಿ ಮೂರರಲ್ಲಿ ಎರಡು ಪಾಲಿಗೂ ಮಿಕ್ಕವರು ಹಿಂದಿನ ಒಂದೇ ತಿಂಗಳಲ್ಲಿ ಹೀಗೆ ತಡೆಹಿಡಿಯಲ್ಪಟ್ಟಿದ್ದಾಗಿ ಹೇಳಿದರು. 2017ರ ಡಿಸೆಂಬರಿನಿಂದ ವಿದ್ಯುನ್ಮಾನ ದಿನಚರಿ ಕಡ್ಡಾಯವಾದ ಮೇಲೆ, ಕಾದ ಹೊತ್ತನ್ನು ದಿನಚರಿಯಲ್ಲಿ ಮರೆಸುವ ಹಳೆಯ ಉಪಾಯಕ್ಕೂ ತೆರೆ ಬಿದ್ದಿತು.

1964ರ ಒಪ್ಪಂದದ ಕೆಳಗೆ ಬೆಳೆದ ಹಳೆಯ ನಿಲ್ದಾಣಗಳ ಕಥೆಯೂ ಬಹುಮಟ್ಟಿಗೆ ಮುಗಿದಿದೆ. ಅವುಗಳಲ್ಲಿ ಅತ್ಯಂತ ದೊಡ್ಡದಾಗಿ ಉಳಿದಿದ್ದ ಯೆಲ್ಲೋ ಸಂಸ್ಥೆ 2023ರ ಆಗಸ್ಟ್ 6ರಂದು ದಿವಾಳಿ ಅರ್ಜಿ ಸಲ್ಲಿಸಿತು. ಕೆಲಸ ಕಳೆದುಕೊಂಡ ಸುಮಾರು 30,000 ಜನರಲ್ಲಿ ಸುಮಾರು 22,000 ಮಂದಿ ಸಂಘದವರು. ಅವರಲ್ಲಿ ಬೇರೆ ನಿಲ್ದಾಣಗಳಿಗೆ ಸೇರಿದವರು ಮೂವತ್ತು ವರ್ಷಗಳ ಜ್ಯೇಷ್ಠತೆಯನ್ನು ಹಿಂದೆ ಬಿಟ್ಟು, ಹೊಸ ಸಂಸ್ಥೆಯ ಪಟ್ಟಿಯ ತಳದಲ್ಲಿ, ದೂರವಾಣಿಯ ಕರೆಗೆ ಕಾಯುವವರ ಸಾಲಿನಲ್ಲಿ ನಿಲ್ಲಬೇಕಾಯಿತು.